ಹಮ್ದಾನ್ ಸ್ಟ್ರೀಟಿನಲ್ಲಿ ಒಬ್ಬ ಗವರ್ನರ್

ಸತ್ವಾ

ದುಬೈಗೆ ಹೋದವರು ಸಾಮಾನ್ಯವಾಗಿ ತಲೆ ಎತ್ತಿ ನೋಡಿದ್ದನ್ನು ಬರೆಯುತ್ತಾರೆ. ನಾನು ಅಲ್ಲಿ ಮೊದಲು ಸರಿಯಾಗಿ ನೋಡಿದ್ದು ಒಂದು ಪಿಕಪ್ ಗಾಡಿಯ ಅಡಿಭಾಗವನ್ನು. ಎಣ್ಣೆ ಜಿನುಗುತ್ತಿತ್ತು. ಸೈಲೆನ್ಸರಿಗೆ ತಂತಿ ಸುತ್ತಿದ್ದರು.

ನಡೆದದ್ದು ಇಷ್ಟೆ. ಅಕ್ಕ ಜೂಲಿಯಾನಳ ಮನೆ ಇರುವುದು ಸತ್ವಾದಲ್ಲಿ, ಮೂರು ಸಂಸಾರಗಳು ಹಂಚಿಕೊಂಡ ಒಂದು ಹಳೆಯ ವಿಲ್ಲಾದಲ್ಲಿ. ಬಂದ ಮರುದಿನ ಬೆಳಿಗ್ಗೆ ಅವಳ ಮಗಳು ಶರನ್ ಜೊತೆ ಕುಬ್ಬೂಸ್ ರೊಟ್ಟಿ ತರಲು ಹೊರಟಿದ್ದೆ. ಬೀದಿಯುದ್ದಕ್ಕೂ ದರ್ಜಿ ಅಂಗಡಿಗಳು, ನಡುನಡುವೆ ಸಣ್ಣ ಗ್ಯಾರೇಜುಗಳು. ಒಂದು ಗ್ಯಾರೇಜಿನಲ್ಲಿ ಗಾಳಿ ಹಾಕುತ್ತಿದ್ದ ಟಯರು ಢಂ ಎಂದು ಒಡೆಯಿತು. ಮುಂದೇನಾಯಿತೆಂದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನಾನು ನಿಂತ ಗಾಡಿಯ ಕೆಳಗೆ ಕವುಚಿ ಮಲಗಿದ್ದೆ. ಹನ್ನೊಂದು ವರ್ಷದ ಶರನ್ ಬಗ್ಗಿ ನನ್ನನ್ನೇ ನೋಡುತ್ತಿದ್ದಳು.

"ಮಾಮಾ, ಇಟ್ಸ್ ಓನ್ಲಿ ಎ ಟಯರ್."

ಗ್ಯಾರೇಜಿನ ಪಠಾಣ ನನ್ನನ್ನು ಎಬ್ಬಿಸಿ, ಅಂಗಿಯ ಧೂಳು ಕೊಡವಿ, ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಮ್ಮೂರಲ್ಲಾಗಿದ್ದರೆ ಹತ್ತು ಜನ ಸೇರಿ, ಯಾರ ಮಗ, ಯಾವಾಗಿಂದ ಹೀಗೆ, ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ವಿಚಾರಿಸಿ ನನ್ನನ್ನು ಇನ್ನಷ್ಟು ಕುಗ್ಗಿಸುತ್ತಿದ್ದರು. ಆ ಪಠಾಣನ ಮೌನಕ್ಕೆ ನಾನು ಇಂದಿಗೂ ಋಣಿ.

ಮನೆಯಲ್ಲಿ ಭಾವ ವಲೇರಿಯನ್ ಮೊದಲು ನಕ್ಕರು. ಅವರು ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರೆ. ಜಗತ್ತಿನ ಎಲ್ಲ ಕಲೆಗಳನ್ನೂ ತೆಗೆದವರು. ನಾವು ಮಾತಾಡುವುದು ಕೊಂಕಣಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾಸ್ಟ್ರು ಬಂದ ಕೂಡಲೇ ಗಾಡಿ ರಿಪೇರಿಗೆ ಇಳಿದ್ರಾ? ವಿಸಿಟ್ ವೀಸಾದಲ್ಲಿ ಕೆಲಸ ಮಾಡಬಾರದು ಮಾರಾಯ, ಹಿಡೀತಾರೆ."

ಅಕ್ಕ ನಗಲಿಲ್ಲ. "ಫೆಲಿಕ್ಸ್, ನೀನು ಅಬುಧಾಬಿಗೆ ಹೋಗುವುದು ಬೇಡ. ಆ ಮನುಷ್ಯನನ್ನು ನೋಡಿದ್ರೆ ಎಲ್ಲ ಮತ್ತೆ ಶುರುವಾಗ್ತದೆ."

"ಹೋಗದಿದ್ದರೆ ಹೇಗೆ? ನಾನು ಉಸಿರಾಡ್ತಾ ಇರುವುದೇ ಅವರಿಂದ."

"ಹಾಗಾದ್ರೆ ಥ್ಯಾಂಕ್ಸ್ ಹೇಳಿ ಬಾ. ಡೈರಿ ಇಲ್ಲೇ ಇಟ್ಟು ಹೋಗು."

ಡೈರಿ ಆಗಲೇ ನನ್ನ ಬ್ಯಾಗಿನಲ್ಲಿತ್ತು. ಅವರು ಕರೆದದ್ದೇ ಅದಕ್ಕಾಗಿ.

ಅಬುಧಾಬಿಯ ಬಸ್ಸಿನಲ್ಲಿ

ಎರಡು ಗಂಟೆಯ ದಾರಿ. ಎರಡೂ ಬದಿಗೆ ಮರಳು, ಮರಳಿನಲ್ಲಿ ಪೈಪಿನ ನೀರು ಕುಡಿದು ಬೆಳೆದ ಸಾಲು ಖರ್ಜೂರದ ಮರಗಳು. ಡ್ರೈವರ್ ಒಮ್ಮೆಯೂ ಹಾರ್ನ್ ಹಾಕಲಿಲ್ಲ. ಅಷ್ಟು ಸದ್ದಿಲ್ಲದ ಬಸ್ಸಿನಲ್ಲಿ ಕೂತರೆ ತಲೆಯೊಳಗಿನ ಸದ್ದು ಜೋರಾಗುತ್ತದೆ.

ನಾನು ಬಂಟ್ವಾಳ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವನು. ಸಂಬಳದ ಆಸೆಗೆ ಪಶ್ಚಿಮ ಆಫ್ರಿಕಾದ ಒಂದು ದೇಶದ ಶಾಲೆಗೆ ಹೋದೆ. ದೇಶದ ಹೆಸರು ಬರೆಯುವುದಿಲ್ಲ. ಜೊತೆಗಿದ್ದವರು ಇನ್ನೂ ಅಲ್ಲಿದ್ದಾರೆ. ಅಲ್ಲಿಯ ರಾಜ್ಯಗಳಿಗೆ ಗವರ್ನರುಗಳಿದ್ದಾರೆ. ನಮ್ಮ ರಾಜ್ಯಪಾಲರ ಹಾಗೆ ದಿಲ್ಲಿಯಿಂದ ಬಂದು ರಾಜಭವನದಲ್ಲಿ ಕೂರುವವರಲ್ಲ. ಜನರೇ ಮತ ಹಾಕಿ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿಯಷ್ಟು ಅಧಿಕಾರ. ನಾನಿದ್ದ ರಾಜ್ಯದ ಗವರ್ನರ್ ಬಾಲ್ಯದಲ್ಲಿ ಓದಿದ್ದು ನಾನು ಕಲಿಸುತ್ತಿದ್ದ ಶಾಲೆಯಲ್ಲೇ. ಅದಕ್ಕೆ ಹೊಸ ತಗಡಿನ ಮಾಡು ಹಾಕಿಸಿ, ಬಾವಿ ತೋಡಿಸಿಕೊಟ್ಟಿದ್ದರು. ವರ್ಷಕ್ಕೊಮ್ಮೆ ಬಂದು ಎಲ್ಲ ಮೇಷ್ಟ್ರುಗಳ ಕೈ ಕುಲುಕುತ್ತಿದ್ದರು.

ಅವರು ಎರಡನೆಯ ಸಲ ಚುನಾವಣೆಗೆ ನಿಂತಾಗ ಶಾಲೆಯ ಜಗಲಿಯೇ ಮತಗಟ್ಟೆ. ಅಲ್ಲಿಯ ಎಣಿಕೆಯಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮತದಾನ ಮುಗಿದ ಕೂಡಲೇ ಅಲ್ಲೇ ಪೆಟ್ಟಿಗೆ ಬಿಚ್ಚಿ, ಅಧಿಕಾರಿ ಒಂದೊಂದೇ ಚೀಟಿ ಎತ್ತಿ ತೋರಿಸುತ್ತಾನೆ. ಅಂಗಳದಲ್ಲಿ ಸೇರಿದ ಜನ ಒಟ್ಟಾಗಿ ಕೂಗಿ ಎಣಿಸುತ್ತಾರೆ: ಒಂದು, ಎರಡು, ಮೂರು. ಮಗ್ಗಿ ಹೇಳಿಸಿದ ಹಾಗೆ. ಕೊನೆಗೆ ಲೆಕ್ಕದ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ.

ನಾನು ಊರಿನಲ್ಲಿ ಎಷ್ಟೋ ಸಲ ಚುನಾವಣಾ ಡ್ಯೂಟಿ ಮಾಡಿದವನು. ಎಲ್ಲ ಮೇಷ್ಟ್ರುಗಳಂತೆ ಗೊಣಗುತ್ತಲೇ ಹೋಗಿ, ಪೆಟ್ಟಿಗೆಯ ಮುಂದೆ ಕೂತ ಮೇಲೆ ದೇವರ ಕೆಲಸದಂತೆ ಮಾಡಿದವನು. ಪ್ರಿಸೈಡಿಂಗ್ ಆಫೀಸರ್ ಎಂದರೆ ಏನು ಕಂಡರೂ ಡೈರಿಯಲ್ಲಿ ಬರೆಯಬೇಕು. ಅಲ್ಲಿ ನನ್ನನ್ನು ಯಾರೂ ನೇಮಿಸಿರಲಿಲ್ಲ. ಆದರೂ ಗೋಡೆಯ ಮೇಲೆ ಹಾಳೆ ಕಂಡದ್ದೇ ಕೈ ಸುಮ್ಮನಿರಲಿಲ್ಲ, ನನ್ನ ಡೈರಿಗೆ ನಕಲು ಮಾಡಿಕೊಂಡೆ. ಅದೂ ಕನ್ನಡ ಅಂಕಿಗಳಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಕೈಗೆ ಕೂತ ಅಭ್ಯಾಸ. ಬೋರ್ಡಿನ ಮೇಲೆ ಇಂಗ್ಲಿಷ್ ಅಂಕಿ, ಸ್ವಂತ ಪುಸ್ತಕದಲ್ಲಿ ಕನ್ನಡದ್ದು.

ಮರುದಿನ ಬೆಳಿಗ್ಗೆ ಗೋಡೆಯ ಹಾಳೆ ಹರಿದುಹೋಗಿತ್ತು. ಮೂರನೆಯ ದಿನ ಗವರ್ನರ್ ಗೆದ್ದರೆಂದು ರೇಡಿಯೋ ಹೇಳಿತು. ಮೋಸ ಎಂದು ಊರು ಹೊತ್ತಿಕೊಂಡಿತು.

ಆ ಮಧ್ಯಾಹ್ನ ಬ್ಯಾಗು ಹಿಡಿದು ಶಾಲೆಯಿಂದ ಓಡಿದವನನ್ನು ಮೋರಿಯ ಹತ್ತಿರ ಏಳೆಂಟು ಗಂಡಸರು ತಡೆದರು. ಕೈಯಲ್ಲಿ ಕತ್ತಿ, ಒಬ್ಬನ ಬಳಿ ಪೆಟ್ರೋಲಿನ ಕ್ಯಾನು. ಬ್ಯಾಗು ಸುರಿದರು. ಡೈರಿ ತೆರೆದು ಆ ಪುಟವನ್ನೇ ನನ್ನ ಮುಖಕ್ಕೆ ಹಿಡಿದು, "ಇದೇನು? ಮಾಟವಾ? ಯಾರ ಕಡೆಯವನು ನೀನು?" ಎಂದು ಕೇಳಿದರು. ಪೆಟ್ರೋಲಿನ ವಾಸನೆ ಮಾತ್ರ ಗೊತ್ತು, ಮೊಣಕಾಲಿನಿಂದ ಕೆಳಗೆ ಅದರಲ್ಲೇ ಒದ್ದೆ.

ಆಗ ಕಲ್ಲೇಟು ತಿಂದ ಒಂದು ಕರಿ ಕಾರು ಬಂದು ನಿಂತಿತು. ಹಿಂದಿನ ಬಾಗಿಲು ತೆರೆದುಕೊಂಡಿತು. ಒಳಗಿಂದ ಗವರ್ನರ್, "ಟೀಚರ್, ಹತ್ತಿ" ಎಂದರು. ಆ ಗಂಡಸರು ಒಂದು ಕ್ಷಣ ತಬ್ಬಿಬ್ಬಾದರು. ನಾನು ಡೈರಿ ಹೆಕ್ಕಿಕೊಂಡು ಒಳಗೆ ಬಿದ್ದೆ. ಗಾಜು ಒಡೆಯಿತು. ಒಂದು ದಪ್ಪ ಕೈ ನನ್ನ ಕುತ್ತಿಗೆಯನ್ನು ಹಿಡಿದು ಸೀಟಿನ ಕೆಳಕ್ಕೆ ಒತ್ತಿತು. ಊರು ದಾಟುವವರೆಗೂ ಆ ಕೈ ಎತ್ತಲಿಲ್ಲ.

ಆ ಡೈರಿಯಲ್ಲಿ ಏನಿದೆ ಎಂದು ಕಾರಿನಲ್ಲಿ ಅವರು ಕೇಳಿದ್ದರು. ಗೋಡೆಯ ಲೆಕ್ಕ ಎಂದೆ. ಮೂರು ದಿನದಲ್ಲಿ ನಾನು ಊರಿನ ವಿಮಾನ ಹತ್ತಿದೆ. ಬೂತಿಗೆ ಎಷ್ಟೆಷ್ಟು ಮತವೆಂದು ಸರ್ಕಾರ ಏನು ಪ್ರಕಟಿಸಿತೋ ನನಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಒಂದು ವರ್ಷದ ಮೇಲೆ ಅವರ ವಕೀಲರ ಪತ್ರ ಬಂತು. ನ್ಯಾಯಮಂಡಳಿ ಆ ಚುನಾವಣೆಯನ್ನು ರದ್ದು ಮಾಡಿತ್ತು. ಗವರ್ನರ್ ಬಂಧನದಿಂದ ತಪ್ಪಿಸಿಕೊಂಡು ಅಬುಧಾಬಿಯಲ್ಲಿದ್ದರು, ಮೇಲ್ಮನವಿ ಹಾಕಿದ್ದರು. ಗೋಡೆಯ ಹಾಳೆಗೆ ಉಳಿದಿರುವ ಸಾಕ್ಷಿ ನನ್ನ ಡೈರಿಯೊಂದೇ. ಆಮೇಲೆ ಅವರೇ ಫೋನ್ ಮಾಡಿದರು: "ಟೀಚರ್, ನನ್ನ ಮರ್ಯಾದೆ ನಿಮ್ಮ ಬ್ಯಾಗಿನಲ್ಲಿದೆ."

ಹಮ್ದಾನ್ ಸ್ಟ್ರೀಟ್

ಆ ದಿನ ಎಮಿರೇಟ್ಸಿನ ರಾಷ್ಟ್ರೀಯ ದಿನ. ಬೀದಿಯ ಎಲ್ಲ ಕಟ್ಟಡಗಳೂ ಧ್ವಜ ಹೊದ್ದಿದ್ದವು. ಗವರ್ನರ್ ಕೊಟ್ಟ ವಿಳಾಸದ ಕಟ್ಟಡದ ಕೆಳಗೆ ಒಂದು ಕೆಫೆಟೇರಿಯ. ಒಳಗೆ ಪರೋಟ ತಟ್ಟುತ್ತಿದ್ದವರು ಫೋನಿನಲ್ಲಿ ಬ್ಯಾರಿ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದರು. ನನಗೆ ಊರು ಸಿಕ್ಕಿದಷ್ಟು ಖುಷಿಯಾಯಿತು. ಉಪ್ಪಿನಂಗಡಿಯವರಂತೆ, ಹೆಸರು ಹಮೀದ್. ಅವರ ಕಡೆಯವರು ಕರೆಯುವ ಹಾಗೆ ನಾನೂ ಹಮೀದಾಕ ಎಂದೆ.

"ಗವರ್ನರ್ ಸಾಬ್ ಹತ್ರ ಬಂದದ್ದಾ? ನಾಲ್ಕನೇ ಮಾಳಿಗೆ. ಒಂದು ಮಾತು ಕೇಳ್ತೇನೆ ಮಾಸ್ಟ್ರೇ, ಅವ್ರು ನಿಜಕ್ಕೂ ಗವರ್ನರಾ? ನಮ್ಮ ಕಡೆ ರಾಜ್ಯಪಾಲರು ಅಂದ್ರೆ ಕುದುರೆ, ಬ್ಯಾಂಡು ಎಲ್ಲ ಉಂಟು. ಇವ್ರು ದಿನಾ ನನ್ನತ್ರ ಕರಕ್ ಚಾಯ ಕುಡೀಲಿಕ್ಕೆ ಬರ್ತಾರೆ."

"ನಿಜ. ನಾನೇ ನೋಡಿದ್ದೇನೆ."

"ಹಾಗಾದ್ರೆ ಸರಿ. ಲಿಫ್ಟಿನ ಮುಂದೆ ಸುಮ್ಮನೆ ನಿಂತಿರ್ತಾರೆ ಮಾರಾಯ್ರೆ! ಬಟನ್ ಒತ್ತುವುದಿಲ್ಲ. ಮೊದಮೊದಲು ಅಹಂಕಾರ ಅಂತ ನಾನು ಗ್ರಹಿಸಿದ್ದು. ಆಮೇಲೆ ಗೊತ್ತಾಯ್ತು, ಪಾಪ, ಮರೆತೇ ಹೋಗಿದೆ. ಬಾಗಿಲು ತೆಗೀಲಿಕ್ಕೆ ಎಷ್ಟು ವರ್ಷ ಜನ ಇದ್ರೋ ಏನೋ."

ಬಾಗಿಲು ತೆರೆಯುವುದನ್ನೇ ಮರೆತ ಮನುಷ್ಯ ಆ ಮೋರಿಯ ಹತ್ತಿರ ಕಾರಿನ ಬಾಗಿಲನ್ನು ತಾನೇ ತೆರೆದಿದ್ದರು. ಅಂಗರಕ್ಷಕರು ಮುಂದಿನ ಸೀಟಿನಲ್ಲಿದ್ದರು, ಅವರು ಇಳಿಯಲಿಲ್ಲ.

ನಾಲ್ಕನೆಯ ಮಹಡಿ

ಗವರ್ನರ್ ನನ್ನನ್ನು ಎದುರುಗೊಂಡದ್ದು ಕಸೂತಿಯ ಬಿಳಿ ನಿಲುವಂಗಿಯಲ್ಲಿ, ತಲೆಗೆ ಟೋಪಿ ಇಟ್ಟುಕೊಂಡು. ಹಿಂದೆ ಶಾಲೆಗೆ ಬರುತ್ತಿದ್ದುದೂ ಅದೇ ವೇಷದಲ್ಲಿ. ಆದರೆ ಮೊಣಕೈಯಲ್ಲಿ ಶೇಂಗಾ ಸಾರಿನ ಕಲೆಯಿತ್ತು. ಅಡುಗೆ ಅವರದ್ದೇ. ಹೆಂಡತಿ ಮಕ್ಕಳು ಊರಿನಲ್ಲಿ, ಭಾವಮೈದುನನ ಮನೆಯಲ್ಲಿದ್ದಾರಂತೆ. ಎರಡು ಕೋಣೆಯ ಮನೆಯಲ್ಲಿ ಒಂದು ಸೋಫಾ, ಗೋಡೆಯಲ್ಲಿ ಒಂದೇ ಚಿತ್ರ: ನಮ್ಮ ಶಾಲೆಯ ಹೊಸ ಮಾಡು.

ಅನ್ನ, ಶೇಂಗಾ ಸಾರು ತಾವೇ ಬಡಿಸಿದರು. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ನಕ್ಕರು. ನನ್ನ ತಾಯಿಯ ಆರೋಗ್ಯ ಕೇಳಿದರು, ಅಕ್ಕನ ಮಗಳ ಹೆಸರು ಕೇಳಿದರು. ನಾನು ಊರಿಂದ ಬರುವಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕೃತಜ್ಞತೆಯ ಮಾತನ್ನು ಎರಡು ಸಲ ಶುರು ಮಾಡಿದೆ. ಎರಡು ಸಲವೂ ಕೈ ಎತ್ತಿ ತಡೆದರು.

"ನೀವು ನನ್ನ ಶಾಲೆಯ ಟೀಚರ್. ರಸ್ತೆಯಲ್ಲಿ ಬಿಟ್ಟು ಹೋಗಲು ಆಗುತ್ತಿತ್ತೆ?"

ತಟ್ಟೆ ತೆಗೆದ ಮೇಲೆ ಒಂದು ಫೈಲು ತಂದರು. ಸರ್ಕಾರ ಪ್ರಕಟಿಸಿದ ಲೆಕ್ಕ. ನಮ್ಮ ಶಾಲೆಯ ಬೂತಿನ ಸಾಲಿನ ಮೇಲೆ ಬೆರಳಿಟ್ಟರು.

"ನೋಡಿ. ನನಗೆ ನಾನೂರ ಹನ್ನೆರಡು. ಎದುರಾಳಿಗೆ ನೂರ ಹತ್ತೊಂಬತ್ತು. ಬೇರೆ ಬೂತುಗಳಲ್ಲಿ ಯಾರು ಏನು ಮಾಡಿದರೋ ದೇವರಿಗೆ ಗೊತ್ತು, ನಾನು ಆಣೆ ಹಾಕಲಾರೆ. ಆದರೆ ಈ ಬೂತು ನನ್ನದು. ಇಲ್ಲಿಯ ಜನ ನನಗೆ ಮತ ಹಾಕಿದರು. ಇದನ್ನೂ ಸುಳ್ಳು ಎನ್ನುತ್ತಾರೆ. ನಿಮ್ಮ ಪುಟ ಓದಿ, ಟೀಚರ್. ಅದನ್ನು ಪ್ರಮಾಣಪತ್ರ ಮಾಡಿಸೋಣ."

ನಾನು ಡೈರಿ ತೆರೆದೆ. ಮೋರಿಯ ಹತ್ತಿರದ ಆ ಮಧ್ಯಾಹ್ನದ ಮೇಲೆ ಆ ಪುಟವನ್ನು ನೋಡಿಯೇ ಇರಲಿಲ್ಲ. ಗವರ್ನರ್: ೧೮೭. ಎದುರಾಳಿ: ೩೪೪.

ಗಣಿತದ ಮೇಷ್ಟ್ರ ತಲೆ ಮೊದಲು ಮಾಡುವುದು ಕೂಡುವ ಕೆಲಸ. ಎರಡು ಕಡೆಯೂ ಒಟ್ಟು ಐನೂರ ಮೂವತ್ತೊಂದೇ. ಬದಲಾಯಿಸಿದವನು ಲೆಕ್ಕ ಬಲ್ಲವನು. ಇನ್ನೂರ ಇಪ್ಪತ್ತೈದನ್ನು ಅಲ್ಲಿಂದ ಕಳೆದು ಇಲ್ಲಿಗೆ ಕೂಡಿದ್ದ, ಮೊತ್ತ ಕೆಡದಂತೆ. ಮತ್ತು ಎದುರಿಗೆ ಕೂತ ಈ ಮನುಷ್ಯನಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೆ ಈ ಡೈರಿಗಾಗಿ ಎರಡು ದೇಶ ಹುಡುಕಿಸುತ್ತಿರಲಿಲ್ಲ.

ಅವರು ಪುಟದ ಮೇಲೆ ಬಾಗಿ ನೋಡಿದರು. "ಎಷ್ಟು ಚಂದದ ಅಂಕಿಗಳು. ಇದರಲ್ಲಿ ನನ್ನದು ಯಾವುದು?"

ಆಗ ನನಗೆ ಹೊಳೆಯಿತು: ಈ ಕೋಣೆಯಲ್ಲಿ ಇದನ್ನು ಓದಬಲ್ಲವನು ನಾನೊಬ್ಬನೇ. ನಾನೂರ ಹನ್ನೆರಡು ಎಂದರೆ ನಾನೂರ ಹನ್ನೆರಡು. ಜೀವ ಉಳಿಸಿದವರಿಗೆ ಒಂದು ಮೂರಂಕಿಯ ಸಂಖ್ಯೆ ಕೊಡುವುದು ದೊಡ್ಡದೇ? ಇನ್ನೊಂದು ಯೋಚನೆ ಅದರ ಹಿಂದೆಯೇ ಬಂತು. ಮೋರಿಯ ಹತ್ತಿರದ ಆ ಗಂಡಸರಿಗೆ ಈ ಅಂಕಿ ಓದಲು ಬರದಿದ್ದದ್ದೇ ನನ್ನ ಅದೃಷ್ಟ ಎಂದು ಒಂದು ವರ್ಷದಿಂದ ನಂಬಿದ್ದೆ. ಆದರೆ ಅವರು ನನ್ನ ಮುಖಕ್ಕೆ ಹಿಡಿದ ಪುಟದಲ್ಲಿ ಅವರ ಪರವಾದ ಸತ್ಯವೇ ಇತ್ತು. ಅವರು ಕತ್ತಿ ಹಿಡಿದದ್ದು ಸುಳ್ಳಲ್ಲ, ಪೆಟ್ರೋಲಿನ ವಾಸನೆ ಸುಳ್ಳಲ್ಲ. ಆದರೆ ಅವರಿಗೆ ಮೋಸ ಆದದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಹಮೀದಾಕ ಚಾಯ ಹಿಡಿದು ಒಳಗೆ ಬಂದರು. ಗ್ಲಾಸು ಇಡುವಾಗ ಡೈರಿಯ ಮೇಲೆ ಕಣ್ಣು ಬಿತ್ತು.

"ಅಲ್ಲಾ, ಕನ್ನಡ ಅಂಕಿ! ಇದನ್ನು ನೋಡದೆ ಎಷ್ಟು ವರ್ಷ ಆಯ್ತು ಮಾರಾಯ್ರೆ. ನಮ್ಮ ಸರ್ಕಾರಿ ಬಸ್ಸಲ್ಲಿ ಇರ್ತಿತ್ತಲ್ಲ. ನೂರೆಂಬತ್ತೇಳು... ಮುನ್ನೂರ ನಲ್ವತ್ನಾಲ್ಕು... ಎಂತದು ಮಾಸ್ಟ್ರೇ, ಬಸ್ ನಂಬರಾ?"

"ಏನಂತೆ ಇವರು?" ಗವರ್ನರ್ ನನ್ನನ್ನು ಕೇಳಿದರು.

ಬಸ್ಸಿನ ಬಗ್ಗೆ ಹೇಳುತ್ತಿದ್ದಾರೆ ಎಂದರೂ ಸುಳ್ಳಾಗುತ್ತಿರಲಿಲ್ಲ. ಆದರೆ ಆ ಸಂಖ್ಯೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ ಕೂಡಲೇ ನನಗೆ ಶಾಲೆಯ ಅಂಗಳ ಕೇಳಿಸಿತು. ಅಷ್ಟೂ ಜನ ಒಂದೇ ಸ್ವರದಲ್ಲಿ ಎಣಿಸಿದ್ದು. ಅವರಲ್ಲಿ ನನ್ನ ಒಂಬತ್ತನೆಯ ತರಗತಿಯವರ ತಾಯಂದಿರಿದ್ದರು.

"ನನ್ನ ಲೆಕ್ಕ ಓದಿದರು," ಎಂದೆ. "ನಿಮಗೆ ನೂರ ಎಂಬತ್ತೇಳು. ಅವರಿಗೆ ಮುನ್ನೂರ ನಲವತ್ತನಾಲ್ಕು. ನೀವು ಸೋತಿದ್ದಿರಿ ಸರ್, ನಮ್ಮ ಶಾಲೆಯಲ್ಲಿ."

ಹಮೀದಾಕ ಟ್ರೇಯನ್ನು ಎದೆಗೆ ಹಿಡಿದು ನಿಂತುಬಿಟ್ಟರು. ಅವರಿಗೆ ಇಂಗ್ಲಿಷ್ ಅಷ್ಟು ಬಾರದಿದ್ದರೂ ಮುಖಗಳನ್ನು ಓದಲು ಬರುತ್ತಿತ್ತು.

ಗವರ್ನರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. ನಾನು ಅವರನ್ನು ಬರಿದಲೆಯಲ್ಲಿ ನೋಡಿದ್ದು ಅದೇ ಮೊದಲು. ಸರ್ಕಾರದ ಹಾಳೆ ನೋಡಿದರು, ನನ್ನ ಪುಟ ನೋಡಿದರು. ಬೆರಳು ಮಡಚಿ ಏನೋ ಕಳೆದರು.

"ಹಾಗಾದರೆ ಈ ಇನ್ನೂರ ಇಪ್ಪತ್ತೈದು ಜನ ಯಾರು, ಟೀಚರ್?"

ಉತ್ತರ ಅವರಿಗೇ ಗೊತ್ತಿತ್ತೆಂದು ಕಾಣುತ್ತದೆ. ಒಂದು ಹೆಸರನ್ನು ತಮ್ಮ ಭಾಷೆಯಲ್ಲಿ ಮೆಲ್ಲಗೆ ಹೇಳಿಕೊಂಡರು, ತಾವು ನಂಬಿದವನ ಹೆಸರು ಹೇಳುವ ಹಾಗೆ.

ತಣ್ಣಗಾದ ಚಾಯದ ಗ್ಲಾಸನ್ನು ಬದಿಗೆ ಸರಿಸಿ ಕೇಳಿದರು. "ನನ್ನ ಚೀಟಿಗಳನ್ನು ಎಣಿಸುವಾಗ ಜನ ಜೋರಾಗಿ ಹೇಳಿದರೆ? ಅಥವಾ ಗೊಣಗಿದರೆ?"

"ಬಾವಿಯ ಕಡೆ ನಿಂತ ಹೆಂಗಸರು ಜೋರಾಗಿ ಹೇಳಿದರು ಸರ್. ಕೊನೆಯವರೆಗೂ."

ಅದು ನಿಜ. ನಿಜವಾಗಿದ್ದದ್ದು ನನ್ನ ಪುಣ್ಯ.

"ನೂರ ಎಂಬತ್ತೇಳು," ಎಂದರು. "ಇವರಾದರೂ ನನ್ನವರು. ಬರೆದುಕೊಡಿ. ಇಂಗ್ಲಿಷ್ ಅಂಕಿಯಲ್ಲಿ ಬರೆದು ಸಹಿ ಹಾಕಿ. ವಕೀಲರಿಗೆ ನಾನೇ ಕಳಿಸುತ್ತೇನೆ."

ನಾನು ಬರೆಯತೊಡಗಿದೆ. ಹಮೀದಾಕ ಕಾಗದದ ತುದಿ ಒತ್ತಿ ಹಿಡಿದುಕೊಂಡರು.

ಮತ್ತೆ ರಸ್ತೆಯಲ್ಲಿ

ನನ್ನನ್ನು ಬಸ್ಸಿಗೆ ಬಿಡಲು ಗವರ್ನರ್ ತಾವೂ ಹೊರಟರು. ಲಿಫ್ಟಿನ ಮುಂದೆ ನಿಂತರು. ನಾನು ಕೈ ಚಾಚುವಷ್ಟರಲ್ಲಿ, ಏನೋ ನೆನಪಾದವರಂತೆ, ತಾವೇ ಗುಂಡಿ ಒತ್ತಿದರು.

ಕೆಳಗೆ ಸಂಜೆಯ ಹಮ್ದಾನ್ ಸ್ಟ್ರೀಟ್ ಬೇರೆಯೇ ಆಗಿತ್ತು. ಬೆಳಿಗ್ಗೆ ಹಾರ್ನ್ ಹಾಕದ ಊರು ಈಗ ವರ್ಷದ ಹಾರ್ನನ್ನೆಲ್ಲ ಒಂದೇ ದಿನ ಮುಗಿಸುತ್ತಿತ್ತು. ಬಣ್ಣ ಬಳಿದ ಕಾರುಗಳು, ಅವುಗಳ ಛಾವಣಿಯಿಂದ ಅರ್ಧ ಹೊರಬಂದ ಹುಡುಗರು, ಕೈಯಲ್ಲಿ ನೊರೆ ಚಿಮ್ಮಿಸುವ ಡಬ್ಬಿಗಳು. ಒಬ್ಬ ಕಾರು ನಿಲ್ಲಿಸಿಕೊಂಡೇ ಎಂಜಿನನ್ನು ಅರಚಿಸಿದ. ಸೈಲೆನ್ಸರು ಢಂ, ಢಂ, ಢಂ.

ನಾನು ಕುಸಿದೆ. ತಲೆ ಮೊಣಕಾಲ ನಡುವೆ ಹೋಗಿತ್ತು. ಮೂಗಿನಲ್ಲಿ ಪೆಟ್ರೋಲು.

ಕುತ್ತಿಗೆಯ ಮೇಲೆ ಅದೇ ದಪ್ಪ ಕೈ ಬಿತ್ತು. ಈ ಸಲ ಒತ್ತಲಿಲ್ಲ. ಅಂಗಿಯ ಕಾಲರು ಹಿಡಿದು, ಬೆಕ್ಕಿನ ಮರಿಯನ್ನು ಎತ್ತುವ ಹಾಗೆ ಮೆಲ್ಲಗೆ ಮೇಲಕ್ಕೆ ಎತ್ತಿತು.

"ಏಳಿ ಟೀಚರ್. ನೋಡಿ, ಮಕ್ಕಳು. ಹಬ್ಬ ಮಾಡುತ್ತಿದ್ದಾರೆ."

ನೋಡಿದೆ. ಮಕ್ಕಳೇ. ಒಬ್ಬ ನಮ್ಮತ್ತ ಡಬ್ಬಿ ತಿರುಗಿಸಿದ. ಬಿಳಿ ನೊರೆ ಬಂದು ಗವರ್ನರ್ ಅವರ ಮುಖ, ಟೋಪಿ, ಕಸೂತಿಯ ನಿಲುವಂಗಿ ಎಲ್ಲದರ ಮೇಲೂ ಕೂತಿತು. ಅವರು ಕಣ್ಣು ಮುಚ್ಚಿ ಹಾಗೇ ನಿಂತರು.

"ಗವರ್ನರ್ ಸಾಬ್ ಖಲಾಸ್!" ಹಮೀದಾಕ ಕೆಫೆಟೇರಿಯದ ಬಾಗಿಲಿಂದ ಕೂಗಿದರು. "ಒಂದು ಟವೆಲ್ ತರ್ತೇನೆ, ನಿಲ್ಲಿ!"

ಮೊದಲು ನಕ್ಕವರು ಗವರ್ನರ್. ಹೊಟ್ಟೆ ಕುಣಿಯುವಷ್ಟು ನಕ್ಕರು. ಆಮೇಲೆ ಮುಖ ಒರೆಸಿಕೊಳ್ಳುವಾಗ ಟವೆಲನ್ನು ಕಣ್ಣಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತೇ ಹಿಡಿದಿದ್ದರು. ನಾವಿಬ್ಬರೂ ಬೇರೆ ಕಡೆ ನೋಡಿದೆವು.

ಊರಿಗೆ ಬಂದ ಮೇಲೆ

ನಾನು ಮತ್ತೆ ಬಂಟ್ವಾಳದಲ್ಲಿ ಟ್ಯೂಷನ್ ಶುರು ಮಾಡಿದ್ದೆ. ವಕೀಲರಿಂದ ಒಂದು ಲಕೋಟೆ ಬಂತು, ಒಳಗೆ ನನ್ನ ಪ್ರಮಾಣಪತ್ರದ ನಕಲು, ಮೇಲೆ ನ್ಯಾಯಾಲಯದ ಮುದ್ರೆ. ಸಲ್ಲಿಸಿದವರ ಜಾಗದಲ್ಲಿ ಎದುರಾಳಿಯ ಹೆಸರಿರಲಿಲ್ಲ, ಗವರ್ನರ್ ಅವರ ಹೆಸರಿತ್ತು. ಅವರು ತಮ್ಮ ಮೇಲ್ಮನವಿಯನ್ನು ತಾವೇ ಸೋಲಿಸಿಕೊಂಡಿದ್ದರು.

ಅದೇ ವಾರ ಹಮೀದಾಕನ ಧ್ವನಿ ಸಂದೇಶ ಬಂತು. ಹಿಂದೆ ಪರೋಟ ತಟ್ಟುವ ಸದ್ದು.

"ಮಾಸ್ಟ್ರೇ, ಗವರ್ನರ್ ಸಾಬ್ ಊರಿಗೆ ಹೊರಟ್ರು. ಕುಕ್ಕರ್ ನನಗೆ ಕೊಟ್ರು. ಅಲ್ಲಿ ಇಳಿದ ಕೂಡಲೇ ಹಿಡೀತಾರೆ, ಹೋಗ್ಬೇಡಿ ಅಂತ ನಾನು ಎಷ್ಟು ಹೇಳಿದೆ! ಕೇಳುವ ಜನ ಅಲ್ಲ. ನಿಮಗೆ ಎಂತದೋ ಹೇಳ್ಲಿಕ್ಕುಂಟಂತೆ. ನನ್ನತ್ರ ಒಂದು ವಾರದಿಂದ ಕಲೀತಾ ಇದ್ರು. ಹಾಂ ಸಾಬ್, ಬೋಲೋ."

ಆಮೇಲೆ ಆ ದಪ್ಪ ಸ್ವರ, ಮಗ್ಗಿ ಒಪ್ಪಿಸುವ ಮಗುವಿನ ಎಚ್ಚರದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಕನ್ನಡದಲ್ಲಿ ಹೇಳಿತು:

"ನೂ-ರ ಎಂ-ಬ-ತ್ತೇ-ಳು. ಸರಿಯೇ, ಟೀಚರ್?"